ಬೆಂಚಿನತ್ತ ತಿರುಗುವ ಕಣ್ಣು: ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಕೋಚ್‌ನ ರೀತಿ ಮತ್ತು ಹಿಂದೆಬಿದ್ದ ಆಟಗಾರ

ಕಾಲೇಜು ತಂಡದ ಪಂದ್ಯದಲ್ಲಿ ಯಾರ ಆಟ ಕುಸಿದಿದೆ ಎಂದು ತಿಳಿಯಲು ಸ್ಕೋರ್‌ಶೀಟ್ ಬೇಕಿಲ್ಲ. ಚೆಂಡು ಕೈತಪ್ಪಿದ ಕೂಡಲೇ ಯಾರು ಬೆಂಚಿನ ಕಡೆ ನೋಡುತ್ತಾರೆ ಎಂದು ಗಮನಿಸಿದರೆ ಸಾಕು. ಎದುರಾಳಿ ತಂಡ ಆಗಲೇ ಫಾಸ್ಟ್ ಬ್ರೇಕಿಗೆ, ಅಂದರೆ ಡಿಫೆನ್ಸ್ ಸಜ್ಜಾಗುವ ಮುಂಚಿನ ದಾಳಿಗೆ, ಓಡಿಯಾಗಿರುತ್ತದೆ, ಇವನು ಇನ್ನೂ ಕೋಚ್‌ನ ಮುಖ ನೋಡುತ್ತಿರುತ್ತಾನೆ. ಆ ಒಂದು ಸೆಕೆಂಡಿನಲ್ಲಿ ಅತ್ತ ಎರಡು ಪಾಯಿಂಟು ಹೋಗುತ್ತದೆ. ಮತ್ತೆ ಚೆಂಡು ಸಿಕ್ಕಾಗ ಮುಂದೆ ಯಾರೂ ಇಲ್ಲದಿದ್ದರೂ ಶಾಟ್ ಹೊಡೆಯುವುದಿಲ್ಲ, ಪಕ್ಕದವನಿಗೆ ಪಾಸ್ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಪ್ರಾಕ್ಟೀಸಿನಲ್ಲಿ ಇದೇ ಹುಡುಗ ಅದೇ ಜಾಗದಿಂದ ಹತ್ತಕ್ಕೆ ಆರು ಹಾಕುತ್ತಾನೆ.

ಕಾಸರಗೋಡಿನ ಕಾಲೇಜುಗಳಲ್ಲಿ ಇಂಥ ಆಟಗಾರನ ಬಗ್ಗೆ ಚರ್ಚೆ ಬಂದರೆ ಅದು ಬೇಗನೆ ಕೋಚ್ ಸ್ಟ್ರಿಕ್ಟೋ ಪಾಪದವರೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಸ್ಟ್ರಿಕ್ಟ್ ಮಾಷ್ (ಮೇಷ್ಟ್ರು) ಆದರೆ ತಂಡ ಗೆಲ್ಲುತ್ತದೆ ಎಂದು ಒಂದು ಪಕ್ಷ, ಬೈದರೆ ಮಕ್ಕಳು ಬಾಡುತ್ತಾರೆ ಎಂದು ಇನ್ನೊಂದು ಪಕ್ಷ. ಇದು ಹಿಡಿಯಬೇಕಾದ ಎಳೆಯಲ್ಲ. ಹಿಂದೆಬಿದ್ದ ಆಟಗಾರನನ್ನು ಎತ್ತುವುದಕ್ಕೂ ಇನ್ನಷ್ಟು ಕೆಳಗೆ ತಳ್ಳುವುದಕ್ಕೂ ಎರಡು ಸಂಗತಿಗಳು ಮುಖ್ಯ: ಕೋಚ್ ಆಡುವ ಮಾತಿನಲ್ಲಿ ಎಷ್ಟು ಮಾಹಿತಿ ಇದೆ, ಮತ್ತು ತಪ್ಪು ಮಾಡಿದ ಬಳಿಕ ಆಟಗಾರನಿಗೆ ಅಂಗಣದಲ್ಲಿ ಎಷ್ಟು ಹೊತ್ತು ಉಳಿಯಲು ಸಿಗುತ್ತದೆ. ದನಿ ಜೋರೋ ಮೆಲುವೋ ಎಂಬುದು ಆಮೇಲಿನ ಮಾತು.

ಅದಕ್ಕೂ ಮೊದಲು ಆಟಗಾರ ನಿಜವಾಗಿಯೂ ಹಿಂದೆಬಿದ್ದಿದ್ದಾನೆಯೇ ಎಂದು ನೋಡಬೇಕು. ಮೂರು ಪಾಯಿಂಟಿನ ಶಾಟುಗಳಲ್ಲಿ ಮೂರಕ್ಕೆ ಒಂದು ಹಾಕುವವನು ಕಾಲೇಜು ಮಟ್ಟದಲ್ಲಿ ಒಳ್ಳೆಯ ಶೂಟರೇ. ಅವನು ಪಂದ್ಯಕ್ಕೆ ಮೂರರಂತೆ ನಾಲ್ಕು ಪಂದ್ಯಗಳಲ್ಲಿ 12 ಶಾಟ್ ಹೊಡೆದ ಎಂದುಕೊಳ್ಳಿ. ಸರಾಸರಿಯಂತೆ ನಾಲ್ಕು ಬೀಳಬೇಕು. ಆದರೆ ಕೌಶಲ ಒಂದಿಷ್ಟೂ ಕುಂದದೆ, ಬರೀ ಅದೃಷ್ಟದ ಏರಿಳಿತದಿಂದಲೇ ಎರಡು ಅಥವಾ ಅದಕ್ಕಿಂತ ಕಡಿಮೆ ಬೀಳುವ ಸಂಭವ ನೂರಕ್ಕೆ 18. ಸತತ ಐದು ಶಾಟ್ ತಪ್ಪುವ ಸಂಭವ ನೂರಕ್ಕೆ 13. ಅಂದರೆ ತಂಡದಲ್ಲಿ ಇಂಥ ಐದಾರು ಶೂಟರುಗಳಿದ್ದರೆ, ಯಾವುದೇ ನಾಲ್ಕು ಪಂದ್ಯಗಳ ಅವಧಿಯಲ್ಲಿ ಅವರಲ್ಲೊಬ್ಬರು ಏನೂ ಆಗದೆಯೇ ‘ಫಾರ್ಮ್ ಕಳೆದುಕೊಂಡವರು’ ಅನಿಸಿಕೊಳ್ಳುತ್ತಾರೆ. ಅಮೆರಿಕದ ದೊಡ್ಡ ಕಾಲೇಜು ತಂಡಗಳು ಒಂದು ಋತುವಿನಲ್ಲಿ ಸುಮಾರು 30 ಪಂದ್ಯ ಆಡುತ್ತವೆ, ಅಲ್ಲಿ ಏರಿಳಿತ ಸಮವಾಗಲು ಸಮಯ ಸಿಗುತ್ತದೆ. ನಮ್ಮಲ್ಲಿ ಅಂತರ್ ಕಾಲೇಜು ಟೂರ್ನಿ ನಾಕೌಟ್ ಆದರೆ ಮೊದಲ ದಿನವೇ ಸೋತ ತಂಡಕ್ಕೆ ವರ್ಷಕ್ಕೆ ಅದೊಂದೇ ಪಂದ್ಯ. ಒಂದು ಬೆಳಗ್ಗಿನ ಆಟ ನೋಡಿ ಹುಡುಗನ ಮೇಲೆ ಮುದ್ರೆ ಒತ್ತುವುದು ನಡೆಯುತ್ತಲೇ ಇದೆ. ಇಲ್ಲಿ ಕೋಚ್ ನಂಬಬಹುದಾದ ಲೆಕ್ಕ ಪಂದ್ಯದಲ್ಲಿ ಇಲ್ಲ, ಪ್ರಾಕ್ಟೀಸಿನಲ್ಲಿ ಇದೆ. ಅದನ್ನು ಬರೆದಿಡುವವರು ಮಾತ್ರ ಕಡಿಮೆ.

ಈಗ ತಪ್ಪಿನ ಬಳಿಕದ ಸಂಗತಿ. ಒಂದು ತಪ್ಪಿಗೆ ಹೊರಗೆ ಕರೆಯುವ ಕೋಚ್ ತಾನು ಶಿಸ್ತು ಕಲಿಸುತ್ತಿದ್ದೇನೆ ಎಂದುಕೊಂಡಿರುತ್ತಾರೆ. ಆಟಗಾರ ಕಲಿಯುವುದು ಬೇರೆ: ತಪ್ಪು ಕಾಣಿಸುವಂಥ ಕೆಲಸವನ್ನು ಮಾಡದಿರುವುದು. ಶಾಟ್ ಹೊಡೆದರೆ ತಪ್ಪು ಕಾಣುತ್ತದೆ, ಹೊಡೆಯದಿದ್ದರೆ ಕಾಣುವುದಿಲ್ಲ. ಡ್ರೈವ್ ಮಾಡಿ (ಚೆಂಡಿನೊಂದಿಗೆ ರಿಂಗಿನತ್ತ ನುಗ್ಗಿ) ಚೆಂಡು ಕಳೆದುಕೊಂಡರೆ ಎಲ್ಲರಿಗೂ ಗೊತ್ತಾಗುತ್ತದೆ, ಮೂಲೆಯಲ್ಲಿ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ಅವನ ಶಾಟುಗಳ ಸಂಖ್ಯೆ ಇಳಿಯುತ್ತದೆ, ಉಳಿದ ಶಾಟುಗಳು ತಂಡಕ್ಕೆ ಶಾಟ್ ಹೊಡೆಯಲು ಸಿಗುವ 24 ಸೆಕೆಂಡಿನ ಗಡಿಯಾರದ ಕೊನೆಗೆ ಬೇರೆ ದಾರಿಯಿಲ್ಲದೆ ಎಸೆದವು ಆಗಿರುತ್ತವೆ, ಶೇಕಡಾವಾರು ಇನ್ನಷ್ಟು ಬೀಳುತ್ತದೆ. ಸ್ಕೋರ್‌ಶೀಟ್ ನೋಡಿದ ಕೋಚ್‌ಗೆ ‘ನಾನು ಹೇಳಿದ್ದೇ ಸರಿ’ ಎಂಬ ಸಾಕ್ಷಿ ಸಿಗುತ್ತದೆ.

ದೇಹದಲ್ಲೂ ಇದರ ಗುರುತು ಕಾಣುತ್ತದೆ. ರಿಂಗಿನ ಒಳವ್ಯಾಸ 45 ಸೆಂ.ಮೀ., ಗಂಡಸರ 7ನೇ ನಂಬರಿನ ಚೆಂಡಿನ ವ್ಯಾಸ ಸುಮಾರು 24 ಸೆಂ.ಮೀ. ಚೆಂಡು 45 ಡಿಗ್ರಿ ಕೋನದಲ್ಲಿ ಇಳಿದರೆ ಅದಕ್ಕೆ ಎದುರಾಗುವ ಬಾಯಿ ಸುಮಾರು 32 ಸೆಂ.ಮೀ. ಅಗಲ. 35 ಡಿಗ್ರಿಗೆ ಚಪ್ಪಟೆಯಾದರೆ ಅದು 26 ಸೆಂ.ಮೀ.ಗಿಂತ ಕಡಿಮೆ, ಅಂದರೆ ಚೆಂಡಿಗಿಂತ ಎರಡು ಸೆಂಟಿಮೀಟರ್ ಮಾತ್ರ ಹೆಚ್ಚು. ಹೆದರಿದ ಆಟಗಾರ ಮೊಣಕಾಲು ಮಡಿಸುವುದಿಲ್ಲ, ಭುಜ ಬಿಗಿಹಿಡಿದು ತೋಳಿನಿಂದ ದೂಡುತ್ತಾನೆ, ಚೆಂಡು ಕಮಾನಾಗಿ ಏಳದೆ ನೇರ ಹೋಗಿ ರಿಂಗಿನ ಮುಂಭಾಗಕ್ಕೆ ಬಡಿಯುತ್ತದೆ. ಸತತವಾಗಿ ಮುಂಭಾಗಕ್ಕೇ ಬಡಿಯುತ್ತಿದ್ದರೆ ಒಂದೋ ಕಾಲು ಸೋತಿದೆ, ಇಲ್ಲವೇ ಮನಸ್ಸು ಬಿಗಿದಿದೆ. ಮೊದಲ ಕ್ವಾರ್ಟರಿನಲ್ಲೇ ಹಾಗಾದರೆ ಕಾಲಿನ ಮೇಲೆ ತಪ್ಪು ಹೊರಿಸುವಂತಿಲ್ಲ.

ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಎಸೆಯಲು ಸಿಗುವ ಫ್ರೀ ಥ್ರೋದಲ್ಲಿ ಇದು ಇನ್ನೂ ನಿಚ್ಚಳ. ಸಂಶೋಧಕಿ ಜೋನ್ ವಿಕರ್ಸ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಳ್ಳೆಯ ಶೂಟರುಗಳು ಎಸೆಯುವ ಮುಂಚೆ ದೃಷ್ಟಿಯನ್ನು ರಿಂಗಿನ ಮೇಲೆ ಹೆಚ್ಚು ಹೊತ್ತು, ಸುಮಾರು ಒಂದು ಸೆಕೆಂಡಿನಷ್ಟು, ಅಲುಗಾಡದೆ ಇಟ್ಟಿದ್ದು ಕಂಡುಬಂತು. ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ ಫ್ರೀ ಥ್ರೋ ಹೊಡೆಯುವವರಲ್ಲಿ ಒಮ್ಮೆ ಮಣಿಕಟ್ಟಿನ ಕಡೆ, ಇನ್ನೊಮ್ಮೆ ರಿಂಗಿನ ಕಡೆ ಗಮನ ಇಡಲು ಹೇಳಿದರು. ರಿಂಗಿನ ಮೇಲೆ ಗಮನ ಇಟ್ಟಾಗ ಗುರಿಯೂ ಚೆನ್ನಾಗಿತ್ತು, ತೋಳಿನ ಸ್ನಾಯುಗಳ ಅನಾವಶ್ಯಕ ಬಿಗಿತವೂ ಕಡಿಮೆಯಿತ್ತು. ಈಗ ನಮ್ಮ ಅಂಗಣವನ್ನು ನೆನಪಿಸಿಕೊಳ್ಳಿ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾದ ನಿಯಮದಂತೆ ರೆಫರಿ ಚೆಂಡು ಕೊಟ್ಟ ಮೇಲೆ ಎಸೆಯಲು ಐದು ಸೆಕೆಂಡು. ಆ ಐದು ಸೆಕೆಂಡಿನಲ್ಲಿ ಬದಿಯಿಂದ ‘ಮೊಣಕೈ! ಮೊಣಕೈ ಒಳಗೆ!’ ಎಂದು ಕೂಗು ಬರುತ್ತದೆ. ಹೇಳಿದ್ದು ತಾಂತ್ರಿಕವಾಗಿ ಸರಿಯೇ ಇರಬಹುದು. ಆದರೆ ಕೂಗಿನಿಂದಾಗಿ ಕಣ್ಣು ರಿಂಗಿನಿಂದ ಸರಿಯಿತು, ಗಮನ ತನ್ನ ಕೈಯೊಳಗೆ ಹೊಕ್ಕಿತು. ಮೊಣಕೈ ತಿದ್ದುವ ಜಾಗ ಮಂಗಳವಾರದ ಪ್ರಾಕ್ಟೀಸ್.

ಹಾಗಾದರೆ ಬೈಯಲೇಬಾರದೇ? ಈ ಪ್ರಶ್ನೆಗೆ ಬಾಸ್ಕೆಟ್‌ಬಾಲಿನಲ್ಲಿ ಸಿಗುವ ಅತಿ ಉಪಯುಕ್ತ ದಾಖಲೆ ಅಮೆರಿಕದ ಕಾಲೇಜು ಕೋಚ್ ಜಾನ್ ವುಡನ್ ಅವರದ್ದು. ಅವರು ಕಟ್ಟಿದ ಯು.ಸಿ.ಎಲ್.ಎ. (ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡ 1964ರಿಂದ 1975ರ ಒಳಗೆ ಹತ್ತು ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅವರ ಕೊನೆಯ ಋತುವಿನಲ್ಲಿ ರೊಲ್ಯಾಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಎಂಬ ಮನಶ್ಶಾಸ್ತ್ರಜ್ಞರು ಅಭ್ಯಾಸದ ಅಂಗಣದ ಬದಿಯಲ್ಲಿ ಕೂತು ಅವರ ಒಂದೊಂದು ಮಾತನ್ನೂ ಎಣಿಸಿದರು. ಒಟ್ಟು 2,326 ಸಲ ಅವರು ಏನಾದರೂ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಶುದ್ಧ ಮಾಹಿತಿ: ಏನು ಮಾಡಬೇಕು, ಹೇಗೆ, ಯಾವಾಗ. ಬರೀ ಹೊಗಳಿಕೆ ಶೇ. 7ರ ಆಸುಪಾಸು, ಬರೀ ಅಸಮಾಧಾನವೂ ಹೆಚ್ಚುಕಡಿಮೆ ಅಷ್ಟೇ. ಪಾಪದ ಮಾಷ್ ಎಂದು ಅವರನ್ನು ಯಾರೂ ಕರೆಯಲಾರರು, ಅವರು ಗದರುತ್ತಿದ್ದರು. ಆದರೆ ಗದರಿದ ಉಸಿರಿನಲ್ಲೇ ಸರಿಯಾದ ರೀತಿ ತೋರಿಸುತ್ತಿದ್ದರು: ಮೊದಲು ಸರಿಯಾದದ್ದು, ಆಮೇಲೆ ನೀನು ಮಾಡಿದ್ದು, ಮತ್ತೆ ಸರಿಯಾದದ್ದು. ಮೂರೂ ಸೇರಿ ಕೆಲವೇ ಸೆಕೆಂಡು. ಭಾಷಣವಿಲ್ಲ.

‘ಏನಾಗಿದೆ ನಿನಗೆ? ತಲೆ ಎಲ್ಲಿದೆ?’ ಎಂಬ ಮಾತನ್ನು ಇದರ ಪಕ್ಕ ಇಟ್ಟು ನೋಡಿ. ಆಟಗಾರನಿಗೆ ಇದರಿಂದ ಮುಂದಿನ ಸಲ ಕಾಲು ಎಲ್ಲಿಡಬೇಕೆಂದು ಗೊತ್ತಾಗುವುದಿಲ್ಲ. ‘ಶಾಬಾಸ್, ಪರವಾಗಿಲ್ಲ, ಮುಂದಿನ ಸಲ’ ಎಂಬುದರಿಂದಲೂ ಗೊತ್ತಾಗುವುದಿಲ್ಲ. ಪಾಪದ ಕೋಚ್‌ಗಳ ತಂಡದಲ್ಲೂ ಹಿಂದೆಬಿದ್ದವರು ಹಿಂದೆಯೇ ಉಳಿಯುವುದು ಇದೇ ಕಾರಣಕ್ಕೆ. ಅವರಿಗೆ ನೋವಾಗುವುದಿಲ್ಲ ಅಷ್ಟೇ.

ಜೋರು ದನಿಗೆ ನ್ಯಾಯವಾದ ಒಂದು ಜಾಗ ಇದೆ. ಓಡದಿರುವುದು, ರಿಬೌಂಡಿಗೆ (ತಪ್ಪಿ ಪುಟಿದ ಚೆಂಡಿಗೆ) ಬಾಕ್ಸ್ ಔಟ್ ಮಾಡದಿರುವುದು, ಅಂದರೆ ಎದುರಾಳಿಯನ್ನು ಬೆನ್ನಿನಿಂದ ತಡೆದು ಹಿಡಿಯದಿರುವುದು, ಡಿಫೆನ್ಸಿಗೆ ನಡೆದುಕೊಂಡು ಬರುವುದು ಶ್ರಮದ ತಪ್ಪುಗಳು. ಇವುಗಳಿಗೆ ಕೂಗಿದರೆ ಕೆಲಸ ಆಗುತ್ತದೆ, ಏಕೆಂದರೆ ಮಾಡಬೇಕಾದದ್ದು ಆಟಗಾರನಿಗೆ ಆಗಲೇ ಗೊತ್ತಿದೆ ಮತ್ತು ಅವನ ಕೈಯಲ್ಲೇ ಇದೆ. ಶಾಟ್ ತಪ್ಪುವುದು, ಎಡಗೈ ಡ್ರಿಬಲ್ ಸೋಲುವುದು, ಸ್ಕ್ರೀನಿನ (ದಾರಿಗೆ ಅಡ್ಡ ನಿಂತ ಎದುರಾಳಿಯ) ಹಿಂದೆ ಯಾರನ್ನು ಹಿಡಿಯಬೇಕೆಂದು ತಿಳಿಯದಿರುವುದು ಕೌಶಲ ಮತ್ತು ತೀರ್ಮಾನದ ತಪ್ಪುಗಳು, ಕೂಗಿದಷ್ಟೂ ಹೆಚ್ಚುತ್ತವೆ. ಹೆಚ್ಚಿನ ಕೋಚ್‌ಗಳು ಎಡವುವುದು ಎರಡಕ್ಕೂ ಒಂದೇ ಮದ್ದು ಅರೆಯುವಲ್ಲಿ.

ಜೋರು ಕೋಚ್‌ಗಳೇ ಗೆಲ್ಲುತ್ತಾರೆ ಎನ್ನುವವರು ಅಮೆರಿಕದ ಕೋಚ್ ಬಾಬ್ ನೈಟ್ ಹೆಸರು ಎತ್ತುತ್ತಾರೆ. ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ 1976, 1981, 1987ರಲ್ಲಿ ಮೂರು ಪ್ರಶಸ್ತಿ ತಂದುಕೊಟ್ಟವರು, 1985ರಲ್ಲಿ ಪಂದ್ಯದ ನಡುವೆ ಅಂಗಣಕ್ಕೆ ಕುರ್ಚಿ ಎಸೆದವರು, 2000ದಲ್ಲಿ ಅದೇ ವಿಶ್ವವಿದ್ಯಾಲಯದಿಂದ ಹೊರಹಾಕಲ್ಪಟ್ಟವರು. ಆ ಗೆಲುವುಗಳನ್ನು ಲೆಕ್ಕ ಹಾಕುವಾಗ ಅಲ್ಲಿ ಉಳಿದವರನ್ನಷ್ಟೇ ನೋಡುತ್ತೇವೆ, ತಡೆಯಲಾರದೆ ಬಿಟ್ಟುಹೋದವರು ಆ ಲೆಕ್ಕದಲ್ಲಿ ಬರುವುದಿಲ್ಲ. ಜೊತೆಗೆ ಅಂಥ ತಂಡಕ್ಕೆ ದೇಶದ ಮೂಲೆಮೂಲೆಯಿಂದ ಆಯ್ದು ತಂದ ಹುಡುಗರು ಇರುತ್ತಾರೆ. 2013ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯ ತನ್ನ ಕೋಚ್ ಮೈಕ್ ರೈಸ್ ಅವರನ್ನು ತೆಗೆದದ್ದು ಪ್ರಾಕ್ಟೀಸಿನಲ್ಲಿ ಆಟಗಾರರ ಮೇಲೆ ಚೆಂಡು ಎಸೆದು ಅವಾಚ್ಯ ಬೈಗುಳ ಬೈಯುವ ವಿಡಿಯೊ ಹೊರಬಿದ್ದ ಮೇಲೆ. ಅಮೆರಿಕದಲ್ಲಿ ಈಗ ಆಟಗಾರನ ಕೈಯಲ್ಲೂ ಒಂದು ಅಸ್ತ್ರ ಇದೆ. 2018ರ ಅಕ್ಟೋಬರಿನಲ್ಲಿ ಶುರುವಾದ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ, ಅಂದರೆ ಕಾಲೇಜು ಬದಲಿಸಬಯಸುವ ಆಟಗಾರರ ಪಟ್ಟಿಯಲ್ಲಿ, ಹೆಸರು ಹಾಕಿದರೆ ಬೇರೆ ಕಾಲೇಜಿನವರು ಮಾತಾಡಿಸಬಹುದು, 2021ರಿಂದ ಒಂದು ವರ್ಷ ಸುಮ್ಮನೆ ಕೂರದೆ ಹೊಸ ತಂಡದಲ್ಲಿ ಆಡಬಹುದು. ಬೆಂಚಿನಲ್ಲಿ ಕೂತವನನ್ನು ಕಡೆಗಣಿಸಿದರೆ ಅವನು ಎದುರಾಳಿಯ ಜೆರ್ಸಿ ತೊಟ್ಟು ಬರುತ್ತಾನೆ ಎಂಬ ಭಯ ಕೋಚ್‌ಗಳಿಗೆ ಬಂದಿದೆ.

ನಮ್ಮ ಹುಡುಗನಿಗೆ ಪೋರ್ಟಲ್ ಇಲ್ಲ. ಅವನು ಪ್ರಾಕ್ಟೀಸಿಗೆ ಬರುವುದನ್ನು ನಿಲ್ಲಿಸುತ್ತಾನೆ. ಮೊದಲು ವಾರಕ್ಕೊಮ್ಮೆ ತಪ್ಪುತ್ತದೆ, ಆಮೇಲೆ ಇಂಟರ್ನಲ್ ಪರೀಕ್ಷೆಯ ನೆವ, ಆಮೇಲೆ ಇಲ್ಲವೇ ಇಲ್ಲ. ಮಂಜೇಶ್ವರ, ಬದಿಯಡ್ಕ, ಪೆರ್ಲ ಕಡೆಯಿಂದ ಬರುವವರಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ: ಬಸ್ಸು. ಸಂಜೆಯ ಪ್ರಾಕ್ಟೀಸ್ ಅರ್ಧ ಗಂಟೆ ಎಳೆದರೆ ಒಳನಾಡಿಗೆ ಹೋಗುವವನು ಮನೆ ಸೇರುವಾಗ ರಾತ್ರಿ. ಬೇಗ ಹೊರಡುವವನ ಮೇಲೆ ‘ಆಸಕ್ತಿ ಇಲ್ಲ’ ಎಂಬ ಹಣೆಪಟ್ಟಿ ಬೀಳುತ್ತದೆ. ಹಣೆಪಟ್ಟಿ ಬಿದ್ದವನಿಗೆ ಸೂಚನೆ ಕಡಿಮೆ, ಸೂಚನೆ ಕಡಿಮೆಯಾದವನಿಗೆ ಕಲಿಕೆ ಕಡಿಮೆ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ತಂಡಗಳಲ್ಲಿ ನಡೆದ ಅಧ್ಯಯನಗಳೂ ಇದೇ ಸುಳಿಯನ್ನು ತೋರಿಸಿವೆ: ಕೋಚ್ ಯಾರಿಂದ ಹೆಚ್ಚು ನಿರೀಕ್ಷಿಸುತ್ತಾರೋ ಅವರಿಗೇ ಹೆಚ್ಚು ತಿದ್ದುಪಡಿ ಸಿಗುತ್ತದೆ. ನಿರ್ಲಕ್ಷ್ಯಕ್ಕೆ ದನಿಯಿಲ್ಲ, ಹಾಗಾಗಿ ಅದರ ಮೇಲೆ ಯಾರೂ ದೂರು ಕೊಡುವುದಿಲ್ಲ. ಬೈಗುಳಕ್ಕಿಂತ ಹೆಚ್ಚು ಆಟಗಾರರನ್ನು ಅದು ತಿಂದಿದೆ ಎಂದು ಧೈರ್ಯವಾಗಿ ಹೇಳಬಹುದು.

ಗಡಿನಾಡಿನ ಅಂಗಣದಲ್ಲಿ ಭಾಷೆಯೂ ಆಡುತ್ತದೆ. ಕೋಚ್ ಕಣ್ಣೂರಿನವರೋ ಇನ್ನೂ ತೆಂಕಣದವರೋ ಆದರೆ ಮಾತು ಮಲಯಾಳದಲ್ಲಿ. ಮನೆಯಲ್ಲಿ ತುಳುವೋ ಕನ್ನಡವೋ ಆಡುತ್ತ, ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಪೇಟೆಯ ಮಲಯಾಳ ಚೆನ್ನಾಗಿಯೇ ಗೊತ್ತಿರುತ್ತದೆ. ಆದರೆ ಡಿಫೆನ್ಸ್ ನಡೆಯುತ್ತಿರುವಾಗ, ನಾಡಿ 170 ದಾಟಿರುವಾಗ, ಬದಿಯಿಂದ ವೇಗವಾಗಿ ಬಂದ ಉದ್ದದ ವಾಕ್ಯದಲ್ಲಿ ಅವಳಿಗೆ ದಕ್ಕುವುದು ಎರಡು: ತನ್ನ ಹೆಸರು ಮತ್ತು ಸಿಟ್ಟು. ನಡುವಿನ ಮಾಹಿತಿ ಸೋರಿಹೋಗುತ್ತದೆ. ಸಿಟ್ಟು ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ, ‘ಸ್ಕ್ರೀನಿನ ಮೇಲಿಂದ ಹೋಗು, ಕೆಳಗಿನಿಂದ ಬೇಡ’ ಎಂಬುದು ಆಗುವುದಿಲ್ಲ. ಕೋಚ್ ಹೇಳಿದ್ದು ಮಾಹಿತಿಯೇ ಆದರೂ ಅವಳಿಗೆ ತಲುಪಿದ್ದು ಬೈಗುಳ. ತಿರುಗಿ ಕೇಳೋಣವೆಂದರೆ ಮಾಷ್ ಎದುರು ‘ಅರ್ಥ ಆಗಲಿಲ್ಲ’ ಎನ್ನಲು ನಾಲಿಗೆ ಏಳುವುದಿಲ್ಲ. ಹೀಗೆ ಒಂದೇ ತಪ್ಪು ಮೂರು ಸಲ ಆದರೆ ‘ಹೇಳಿದ್ದು ಕೇಳುವುದಿಲ್ಲ’ ಎಂದು ಬರೆಸಿಕೊಳ್ಳುತ್ತಾಳೆ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಋತುವಿನ ಮೊದಲ ವಾರದಲ್ಲೇ ಎಂಟು ಹತ್ತು ಕೂಗುಪದಗಳನ್ನು ಗೊತ್ತುಮಾಡಿ, ಪ್ರತಿಯೊಂದನ್ನೂ ಅಂಗಣದಲ್ಲಿ ನಡೆದು ತೋರಿಸಬೇಕು. ‘ಸ್ವಿಚ್’, ‘ಹೆಲ್ಪ್’, ‘ಲೆಫ್ಟ್’, ‘ಬಾಕ್ಸ್’ ಮುಂತಾದವು ಎಲ್ಲರ ಬಾಯಲ್ಲೂ ಇಂಗ್ಲಿಷಿನಲ್ಲೇ ಇವೆ, ಹಾಗೇ ಇರಲಿ. ಅಂಗಣಕ್ಕೆ ಕೂಗುವುದು ಆ ಪದಗಳನ್ನು ಮಾತ್ರ, ಉಳಿದ ವಿವರಣೆ ಬೆಂಚಿನಲ್ಲಿ. ಬೆಂಚಿನಲ್ಲೂ ಹೇಳಿದ್ದನ್ನು ಆಟಗಾರರೇ ಒಮ್ಮೆ ತಮ್ಮ ಮಾತಿನಲ್ಲಿ, ಬೇಕಾದರೆ ತುಳುವಿನಲ್ಲಿ ಪಕ್ಕದವರಿಗೆ, ತಿರುಗಿ ಹೇಳಬೇಕು. ತಲುಪಿತೋ ಇಲ್ಲವೋ ಎಂದು ಐದು ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

ಟೈಮ್ ಔಟ್ ಒಂದು ನಿಮಿಷದ್ದು. ಫೀಬಾ ನಿಯಮದಲ್ಲಿ ಮೊದಲರ್ಧಕ್ಕೆ ಎರಡು, ಎರಡನೆಯ ಅರ್ಧಕ್ಕೆ ಮೂರು. ನಡೆದು ಬಂದು ನೀರು ಕುಡಿದು ಮುಗಿಯುವಾಗ ಇಪ್ಪತ್ತು ಸೆಕೆಂಡು ಹೋಗಿರುತ್ತದೆ. ಉಳಿದ ನಲವತ್ತರಲ್ಲಿ ಎರಡು ಸಂಗತಿ ಹಿಡಿಸಬಹುದು, ಮೂರನೆಯದು ಮೊದಲನೆಯದನ್ನು ಅಳಿಸುತ್ತದೆ. ಇಡೀ ನಿಮಿಷ ಒಬ್ಬನನ್ನೇ ಬೈದು ಕಳೆದರೆ ಉಳಿದ ನಾಲ್ವರು ಬರಿಗೈಯಲ್ಲಿ ಅಂಗಣಕ್ಕೆ ಮರಳುತ್ತಾರೆ.

ಮಳೆಯ ಮಾತನ್ನೂ ಹೇಳಬೇಕು, ಏಕೆಂದರೆ ಇಲ್ಲಿ ಎಷ್ಟೋ ಸಲ ಆಟಗಾರನ ತಪ್ಪೆಂದು ಕಾಣುವುದು ಹವೆಯ ತಪ್ಪು. ಬಯಲಿನ ಸಿಮೆಂಟ್ ಕೋರ್ಟಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾವಸೆ ಕಟ್ಟುತ್ತದೆ, ಚೆಂಡು ಜಾರುತ್ತದೆ. ನಾಲ್ಕು ತಿಂಗಳು ಸರಿಯಾಗಿ ಶಾಟ್ ಹೊಡೆಯದವನನ್ನು ಮಳೆ ಬಿಟ್ಟ ಎರಡೇ ವಾರಕ್ಕೆ ಪಂದ್ಯಕ್ಕಿಳಿಸಿ ‘ಕೈ ಹೋಯಿತು’ ಎನ್ನುವುದರಲ್ಲಿ ಅರ್ಥವಿಲ್ಲ. ಮಳೆಗಾಲದಲ್ಲಿ ಕಾಲಿನ ಬಲ, ಗೋಡೆಗೆ ಪಾಸ್, ವರಾಂಡದಲ್ಲಿ ಎರಡು ಕೈಯ ಡ್ರಿಬಲ್, ಮಲಗಿ ಚೆಂಡನ್ನು ನೇರ ಮೇಲಕ್ಕೆ ಎಸೆದು ಹಿಡಿಯುವ ಕೈಪಳಗು ಮಾಡಿಸಬಹುದು. ಅದು ಶೂಟಿಂಗ್‌ಗೆ ಪೂರ್ತಿ ಬದಲಿ ಅಲ್ಲ ಎಂಬುದು ಕೋಚ್‌ಗೆ ನೆನಪಿರಬೇಕು.

ಕುಸಿದ ಆಟಗಾರನನ್ನು ನಾಲ್ಕು ವಾರದಲ್ಲಿ ಹೇಗೆ ನೋಡಿಕೊಳ್ಳಬಹುದು? ಮೊದಲ ವಾರ ಬರೀ ಅಳತೆ. ಫ್ರೀ ಥ್ರೋ ಒಟ್ಟಿಗೆ 25 ಹೊಡೆಸಬೇಡಿ. ಪಂದ್ಯದಲ್ಲಿ ಅವು ಎರಡೆರಡಾಗಿ, ಓಡಿ ದಣಿದಾಗ ಬರುತ್ತವೆ. ಅಂಗಣದ ಉದ್ದಕ್ಕೆ ಎರಡು ಸಲ ಓಡಿಸಿ ಎರಡು, ಹೀಗೆ ದಿನಕ್ಕೆ ಹತ್ತು ಸುತ್ತು, ಐದು ದಿನಕ್ಕೆ 100. ನಿಂತಲ್ಲೇ ಹೊಡೆದ 100ರ ಲೆಕ್ಕವನ್ನೂ ಪಕ್ಕದಲ್ಲಿಡಿ. ನೂರಕ್ಕೆ 70 ಹಾಕುವ ಶೂಟರಿಗೆ ನೂರರಲ್ಲಿ ನಾಲ್ಕೈದು ಹೆಚ್ಚುಕಡಿಮೆ ಆಗುವುದು ಸಹಜ, ಅದಕ್ಕೆ ಅರ್ಥ ಹುಡುಕಬೇಕಿಲ್ಲ. ನಿಂತು 70, ಓಡಿ 50 ಎಂದಾದರೆ ಕಾಲಿನ ಕೆಲಸ ಬಾಕಿ ಇದೆ. ಎರಡೂ 50 ಆದರೆ ಎಸೆತದ ಕ್ರಮ ತಿದ್ದಬೇಕು. ಎರಡೂ 70 ಆಗಿ ಪಂದ್ಯದಲ್ಲಿ ಮಾತ್ರ ಬೀಳುತ್ತಿದ್ದರೆ ಆಗ ಕೋಚ್ ತನ್ನ ಕಡೆ ನೋಡಿಕೊಳ್ಳಬಹುದು.

ಆಮೇಲೆ ಪಾತ್ರ ಚಿಕ್ಕದು ಮಾಡಿ ಸ್ಪಷ್ಟ ಮಾಡಬೇಕು. ‘ಚೆನ್ನಾಗಿ ಆಡು’ ಎಂಬುದು ಪಾತ್ರವಲ್ಲ. ‘ಎಡಮೂಲೆಯಿಂದ ತೆರೆದ ಶಾಟ್ ಸಿಕ್ಕಿದರೆ ಹೊಡೆಯಲೇಬೇಕು, ಅವರ 7ನೇ ನಂಬರಿನವನನ್ನು ಬಲಕ್ಕೆ ಹೋಗಲು ಬಿಡಬೇಡ’ ಎಂಬುದು ಪಾತ್ರ. ತೆರೆದ ಶಾಟ್ ಹೊಡೆದು ತಪ್ಪಿದರೆ ಮಾತಿಲ್ಲ, ಹೊಡೆಯದೆ ಬಿಟ್ಟರೆ ಕೇಳುತ್ತೇನೆ ಎಂದು ಮೊದಲೇ ಹೇಳಿಡಬೇಕು, ಹೇಳಿದಂತೆ ನಡೆದುಕೊಳ್ಳಬೇಕು. ಅಂಗಣಕ್ಕೆ ಇಳಿಸಿದರೆ ಕನಿಷ್ಠ ಮೂರು ನಿಮಿಷ ತೆಗೆಯುವುದಿಲ್ಲ ಎಂಬ ಮಾತು ಕೊಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ಬಲವಾದ ಮದ್ದು. ಮೂರು ನಿಮಿಷದಲ್ಲಿ ತಂಡಕ್ಕೆ ಸುಮಾರು ಐದು ಸಲ ಚೆಂಡು ಸಿಗುತ್ತದೆ, ಒಂದು ತಪ್ಪು ಮಾಡಿ ಚೇತರಿಸಿಕೊಳ್ಳಲು ಅಷ್ಟು ಸಾಕು. ಪಂದ್ಯವೊಂದರಲ್ಲಿ ಹಂಚಲು ಇರುವುದು 40 ನಿಮಿಷ ಗುಣಿಸು ಐದು, ಅಂದರೆ 200 ಆಟಗಾರ-ನಿಮಿಷ, ಅದರಲ್ಲಿ ಮೂರು ಮೂರರ ಎರಡು ಅವಧಿ ದೊಡ್ಡ ದಾನವೇನಲ್ಲ. ಶ್ರಮದ ತಪ್ಪಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ, ನಡೆದುಕೊಂಡು ಡಿಫೆನ್ಸಿಗೆ ಬಂದರೆ ಕೂಡಲೇ ಹೊರಗೆ. ಹೊರಗೆ ಬಂದವನನ್ನು ಬೆಂಚಿನ ತುದಿಗೆ ಅಟ್ಟಬೇಡಿ. ಪಕ್ಕದಲ್ಲಿ ಕೂರಿಸಿ ಒಂದೇ ವಾಕ್ಯದಲ್ಲಿ ಕಾರಣ ಹೇಳಿ.

ಆಟಗಾರನ ಕಡೆಯಿಂದಲೂ ಮಾಡಬಹುದಾದದ್ದು ಇದೆ. ‘ಸರ್, ನನ್ನನ್ನು ಯಾಕೆ ಆಡಿಸುವುದಿಲ್ಲ’ ಎಂದು ಕೇಳಿದರೆ ಕೋಚ್ ತನ್ನನ್ನು ಸಮರ್ಥಿಸಿಕೊಳ್ಳುತ್ತಾರೆ. ‘ಹತ್ತು ನಿಮಿಷ ಆಡಲು ನಾನು ಯಾವ ಎರಡು ಕೆಲಸ ಸರಿ ಮಾಡಬೇಕು’ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಕೇಳುವುದು ಪ್ರಾಕ್ಟೀಸ್ ಮುಗಿದ ಮೇಲೆ, ಒಬ್ಬನೇ. ಪಂದ್ಯ ಸೋತ ಸಂಜೆ ಬೇಡ. ತಪ್ಪಾದ ಮೇಲೆ ಬೆಂಚು ನೋಡುವ ಚಟವನ್ನು ಬಿಡಿಸಲು ತನಗೇ ಒಂದು ಕೆಲಸ ಕೊಟ್ಟುಕೊಳ್ಳಬೇಕು: ಚೆಂಡು ಹೋದ ಕೂಡಲೇ ತಾನು ಹಿಡಿಯಬೇಕಾದವನ ನಂಬರನ್ನು ಬಾಯಿಬಿಟ್ಟು ಕೂಗುವುದು. ಬಾಯಿ ನಂಬರು ಹೇಳುವಾಗ ಕಣ್ಣು ಬೇರೆಲ್ಲೂ ಹೋಗಲಾರದು.

ಇಷ್ಟಾಗಿಯೂ ಏಳದಿದ್ದರೆ ಕೋಚ್‌ನ ರೀತಿಯನ್ನು ದೂರುವುದಕ್ಕೆ ಮುಂಚೆ ದೇಹವನ್ನು ನೋಡಬೇಕು. ಹಳೆಯ ಪಾದದ ಉಳುಕು ಪೂರ್ತಿ ವಾಸಿಯಾಗದವನು ಲೇ-ಅಪ್‌ಗೆ (ರಿಂಗಿನ ಹತ್ತಿರ ಓಡಿ ಜಿಗಿದು ಹಾಕುವ ಶಾಟಿಗೆ) ಆ ಕಾಲಿನಿಂದ ಜಿಗಿಯುವುದನ್ನು ತಪ್ಪಿಸುತ್ತಾನೆ, ನೋಡುವವರಿಗೆ ಅದು ಹೆದರಿಕೆ ಎನಿಸುತ್ತದೆ. ಮೂರನೆಯ ಕ್ವಾರ್ಟರಿನಲ್ಲೇ ಉಸಿರು ಸೋಲುವ ಹುಡುಗಿಯರಲ್ಲಿ ರಕ್ತಹೀನತೆ ಇರುವುದು ನಮ್ಮಲ್ಲಿ ಅಪರೂಪವಲ್ಲ, ಹಿಮೋಗ್ಲೋಬಿನ್ ಪರೀಕ್ಷೆ ಸರಕಾರಿ ಆಸ್ಪತ್ರೆಯಲ್ಲೇ ಆಗುತ್ತದೆ. ಬೆಳಗ್ಗೆ ಅವಲಕ್ಕಿ ಚಹಾದಲ್ಲಿ ಹೊರಟು ಸಂಜೆ ಪ್ರಾಕ್ಟೀಸಿಗೆ ಮುಂಚೆ ಏನೂ ತಿನ್ನದವರಿಗೆ ಎರಡು ಬಾಳೆಹಣ್ಣು ಕೊಟ್ಟು ಆಮೇಲೆ ಅಳೆದು ನೋಡಿ. ಕಬಡ್ಡಿಯಿಂದ ಬಂದವರ ಸಂಗತಿ ಇನ್ನೊಂದು, ನಮ್ಮ ಜಿಲ್ಲೆಯಲ್ಲಿ ಅಂಥವರು ಬೇಕಾದಷ್ಟು ಇದ್ದಾರೆ. ಕೈಹಾಕಿ ಹಿಡಿಯುವ ಅಭ್ಯಾಸದಿಂದ ಅವರಿಗೆ ಬೇಗ ಫೌಲ್ ಬೀಳುತ್ತದೆ, ಐದಕ್ಕೆ ಹೊರಗೆ. ಅವರಿಗೆ ಎರಡು ಕೈಯಲ್ಲೂ ಟೆನ್ನಿಸ್ ಚೆಂಡು ಹಿಡಿಸಿ ಡಿಫೆನ್ಸ್ ಸ್ಲೈಡ್ (ಎದುರಾಳಿಯ ಮುಂದೆ ಪಕ್ಕಕ್ಕೆ ಸರಿಯುವ ಅಭ್ಯಾಸ) ಮಾಡಿಸಿದರೆ ಕೈ ಹೋಗುವುದು ನಿಂತು ಕಾಲು ಹೋಗಲು ಶುರುವಾಗುತ್ತದೆ. ಬೈದು ಬಿಡಿಸುವ ಚಟ ಅದಲ್ಲ.

ಕೊನೆಗೂ ತಂಡದಿಂದ ಬಿಡಬೇಕಾದ ಸಂದರ್ಭ ಬರುತ್ತದೆ, ಜಾಗ ಇರುವುದು ಹನ್ನೆರಡು. ನೋಟಿಸ್ ಬೋರ್ಡಿನಲ್ಲಿ ಹೆಸರಿಲ್ಲದ್ದನ್ನು ನೋಡಿ ತಿಳಿದುಕೊಳ್ಳಲು ಬಿಡಬಾರದು. ಪಟ್ಟಿ ಹಾಕುವ ಹಿಂದಿನ ದಿನ ಕರೆದು, ನಾಲ್ಕು ವಾರದ ಅಳತೆಯ ಹಾಳೆಯನ್ನು ಕೈಗೆ ಕೊಟ್ಟು, ಯಾವ ಎರಡು ಅಂಕಿ ಎಷ್ಟಕ್ಕೆ ಬಂದರೆ ಮುಂದಿನ ವರ್ಷ ಜಾಗ ಇದೆ ಎಂದು ಅದರಲ್ಲೇ ಬರೆದು ಸಹಿ ಹಾಕಬೇಕು. ಆ ಹಾಳೆ ಇದ್ದವನು ಮಳೆ ಬಿಟ್ಟ ಮೇಲೆ ಮತ್ತೆ ಬರುವ ಸಾಧ್ಯತೆ ಇದೆ.